ಒಂಬತ್ತೂ ಐವತ್ತೈದರ ಬಸ್ಸು

ರಾತ್ರಿ ಒಂಬತ್ತು ಗಂಟೆ ನಲವತ್ತೊಂಬತ್ತು ನಿಮಿಷಕ್ಕೆ ಸಿದ್ದಲಿಂಗಮ್ಮ ನಂಜನಗೂಡಿನ ಬಸ್ ಸ್ಟ್ಯಾಂಡಿನ ಕಡೆಗೆ ತನ್ನ ಸಾವಿರದ ಆರುನೂರ ತೊಂಬತ್ತನೆಯ ಹೆಜ್ಜೆ ಹಾಕುತ್ತಿದ್ದಳು. ಕಾರ್ಖಾನೆಯ ಗೇಟಿನಿಂದ ಸ್ಟ್ಯಾಂಡಿಗೆ ಎರಡು ಸಾವಿರದ ಮುನ್ನೂರ ನಲವತ್ತು ಹೆಜ್ಜೆ. ನಿಮಿಷಕ್ಕೆ ನೂರ ಮೂವತ್ತರಂತೆ ನಡೆದರೆ ಹದಿನೆಂಟು ನಿಮಿಷ. ಓಡಿದರೆ ಎಣಿಕೆ ತಪ್ಪುತ್ತದೆಂದು ಅವಳು ಓಡುತ್ತಿರಲಿಲ್ಲ. ಅಲ್ಲದೆ ಆ ಸೋಮವಾರ ಓಡುವ ಅಗತ್ಯವೂ ಇಲ್ಲವೆಂದು ಅವಳ ನಂಬಿಕೆ. ಬಸ್ಸಿನ ಡ್ರೈವರ್, ಕಂಡಕ್ಟರ್ ಇಬ್ಬರಿಗೂ ಆವತ್ತು ಅವಳ ಮನೆಯಲ್ಲೇ ಊಟ. ಬೆಳಗ್ಗೆ ನಾಲ್ಕಕ್ಕೆ ಎದ್ದು ಒಬ್ಬಟ್ಟು ಮಾಡಿಟ್ಟಿದ್ದಳು. ಬೆಳಗ್ಗೆ ಬಸ್ಸು ಊರು ಬಿಡುವಾಗ ಕಂಡಕ್ಟರಿಗೆ ಅದನ್ನು ಹೇಳಿಯೂ ಇದ್ದಳು. ಒಬ್ಬಟ್ಟು ಮಾಡಿಟ್ಟವಳನ್ನು ಬಿಟ್ಟು ಯಾರು ಹೋಗುತ್ತಾರೆ?

ಒಂಬತ್ತೂ ಐವತ್ನಾಲ್ಕಕ್ಕೆ ಸ್ಟ್ಯಾಂಡಿಗೆ ಕಾಲಿಟ್ಟಳು. ಬಸ್ಸು ನಿಲ್ಲುವ ಜಾಗದಲ್ಲಿ ಎಣ್ಣೆಯ ಕಲೆ ಮಾತ್ರ ಇತ್ತು.

ಟೀ ಅಂಗಡಿಯವನು ಗ್ಲಾಸುಗಳನ್ನು ಬಕೆಟ್ಟಿಗೆ ಹಾಕುತ್ತಿದ್ದವನು ತಲೆ ಎತ್ತಿ, "ನಿನ್ ಬಸ್ಸು ಓಯ್ತಲ್ಲಕ್ಕ. ಒಂಬತ್ತೂ ನಲವತ್ತೊಂದಕ್ಕೇ. ಏನ್ ಆತುರವೋ ಏನೋ, ಟೀನೂ ಕುಡೀನಿಲ್ಲ," ಎಂದ.

ಸಿದ್ದಲಿಂಗಮ್ಮ ಚೀಲದಿಂದ ಪುಟ್ಟ ಪುಸ್ತಕ ತೆಗೆದು, ಹತ್ತೊಂಬತ್ತನೆಯ ದಿನದ ಮುಂದೆ '೯.೪೧' ಎಂದು ಬರೆದಳು. ಆಮೇಲೆ ಕಲ್ಲು ಬೆಂಚಿನ ಮೇಲೆ ಕುಳಿತಳು. ಬಸ್ಸು ತಪ್ಪಿದ್ದು ಇದು ಮೂರನೆಯ ಸಲ.

ಅವಳಿಗೆ ನಲವತ್ಮೂರು ವರ್ಷ. ಊರು ಮಾದನಕೊಪ್ಪಲು, ನಂಜನಗೂಡಿನಿಂದ ಹದಿನಾರು ಎಂಬ ಊರು ದಾಟಿ, ನರಸೀಪುರದ ದಿಕ್ಕಿಗೆ ಇಪ್ಪತ್ತಾರು ಕಿಲೋಮೀಟರ್. ತವರು ಬದನವಾಳು. ಅಲ್ಲಿನ ಖಾದಿ ಕೇಂದ್ರದಲ್ಲಿ ಅವಳ ತಾಯಿ ನೂಲಿನ ಲಡಿಗಳ ಎಳೆ ಎಣಿಸುವ ಕೆಲಸದಲ್ಲಿದ್ದಳು. ಒಂದು ಎಳೆ ಕಡಿಮೆಯಾದರೂ ಲಡಿಯನ್ನು ವಾಪಸ್ಸು ಕೊಡುತ್ತಿದ್ದ ಹೆಂಗಸು ಅವಳು. ಮಗಳಿಗೆ ಅದೇ ಬುದ್ಧಿ ಬಂತು. ಮದುವೆಯಾಗಿ ಬಂದ ಊರಿನ ಹಾಲಿನ ಡೇರಿಯಲ್ಲಿ ಸಿದ್ದಲಿಂಗಮ್ಮ ಹನ್ನೊಂದು ವರ್ಷ ಹಾಲು ಪರೀಕ್ಷೆ ಮಾಡಿದಳು. ಲ್ಯಾಕ್ಟೋಮೀಟರನ್ನು ಹಾಲಿಗೆ ಬಿಟ್ಟು, ಅದು ನಿಂತ ಗೆರೆ ನೋಡಿ, ಪಕ್ಕದಲ್ಲಿ ಥರ್ಮಾಮೀಟರ್ ಇಟ್ಟು, ಹಾಲಿನ ಬಿಸಿಗೆ ತಕ್ಕಂತೆ ಸರಿಪಡಿಸಿ ಬರೆಯುವುದು ಅವಳ ಕೆಲಸ. ಕಳೆದ ವರ್ಷ ಎಲ್ಲವನ್ನೂ ತಾನೇ ಅಳೆಯುವ ಮೆಷಿನ್ ಬಂತು. ಇಬ್ಬರು ಮಾಡುತ್ತಿದ್ದ ಕೆಲಸಕ್ಕೆ ಒಬ್ಬರು ಸಾಕಾಯಿತು.

ಆರು ತಿಂಗಳು ಮನೆಯಲ್ಲಿ ಕುಳಿತಮೇಲೆ ನಂಜನಗೂಡಿನ ಹೊರಗಿನ ರಾಗಿ ಮಾಲ್ಟ್ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಹಿಟ್ಟಿನ ತೇವಾಂಶ ಅಳೆದು ಬರೆಯುವುದು. ಆದರೆ ಮಧ್ಯಾಹ್ನ ಒಂದೂವರೆಯಿಂದ ರಾತ್ರಿ ಒಂಬತ್ತೂವರೆಯ ಶಿಫ್ಟು. ಗುಣಮಟ್ಟ ವಿಭಾಗದ ಲಿಖಿತಾಗೆ ಇಪ್ಪತ್ತಾರು ವರ್ಷ, ಮೈಸೂರಿನವಳು. ಸಂದರ್ಶನದಲ್ಲಿ ಅವಳು ಹಿಟ್ಟಿನ ಬಗ್ಗೆ ಎರಡು ಪ್ರಶ್ನೆ ಕೇಳಿ, ಉಳಿದದ್ದೆಲ್ಲ ದಾರಿಯ ಬಗ್ಗೆ ಕೇಳಿದಳು.

"ಗಾಡಿ ಇದ್ಯಾ ಅಕ್ಕ?"

"ಇಲ್ಲ ಮೇಡಂ."

"ಮನೆಯವ್ರು ಬರ್ತಾರಾ ಕರ್ಕೊಂಡು ಹೋಗಕ್ಕೆ?"

"ಅವ್ರಿಗೆ ಇರುಳುಗಣ್ಣು. ಕತ್ಲಾದ್ಮೇಲೆ ನಾನೇ ಅವ್ರನ್ನ ಕೈ ಇಡ್ಕೊಂಡು ಕರ್ಕೊಂಡೋಗ್ಬೇಕು."

"ಮತ್ತೆ ಹೇಗೆ?"

ಸಿದ್ದಲಿಂಗಮ್ಮ ಹಿಂದಿನ ರಾತ್ರಿಯೇ ಬಂದು ಕಾರ್ಖಾನೆಯ ಗೇಟಿನೆದುರು ನಿಂತು, ಶಿಫ್ಟು ಮುಗಿಸಿದವರು ಹೊರಗೆ ಬರುವುದನ್ನು ನೋಡಿಕೊಂಡು, ಸ್ಟ್ಯಾಂಡಿನವರೆಗೆ ನಡೆದು, ಅದೇ ಕೊನೆಯ ಬಸ್ಸಿನಲ್ಲಿ ಊರಿಗೆ ಹೋಗಿದ್ದಳು. ಆದ್ದರಿಂದ ತಡವರಿಸದೆ ಹೇಳಿದಳು. "ಗೇಟಿಂದ ಆಚೆ ಬರೋದು ಒಂಬತ್ತೂ ಮೂವತ್ತಾರಕ್ಕೆ. ನಡಿಗೆ ಅದಿನೆಂಟು ನಿಮಿಷ. ಬಸ್ಸು ಒಂಬತ್ತೂ ಐವತ್ತೈದಕ್ಕೆ. ಇನ್ನೂ ಒಂದು ನಿಮಿಷ ಉಳೀತದೆ ಮೇಡಂ."

ಲಿಖಿತಾ ನಕ್ಕು, ಅರ್ಜಿಯ ಮೂಲೆಯಲ್ಲಿ ಪೆನ್ಸಿಲಿನಿಂದ ಏನೋ ಬರೆದುಕೊಂಡಳು. ಮೂರು ತಿಂಗಳ ಮೇಲೆ ಕೆಲಸ ಕಾಯಂ ಮಾಡುವುದಾಗಿ ಹೇಳಿದಳು.

ಆದರೆ ಈ ಮೊದಲು ಬಸ್ಸು ತಪ್ಪಿದ ಎರಡು ರಾತ್ರಿ ಸಿದ್ದಲಿಂಗಮ್ಮ ವಾಪಸ್ಸು ಕಾರ್ಖಾನೆಗೆ ನಡೆದು ಬಂದು ಸೆಕ್ಯುರಿಟಿಯವರ ಕುರ್ಚಿಯಲ್ಲಿ ಬೆಳಗು ಮಾಡಿದ್ದು ಮ್ಯಾನೇಜರಿಗೆ ಗೊತ್ತಾಗಿತ್ತು. ಈ ಸಲ ಲಿಖಿತಾಗೇ ಫೋನು ಮಾಡಿದಳು. ಲಿಖಿತಾ ಸ್ಕೂಟರಿನಲ್ಲಿ ಬಂದು ತನ್ನ ಬಾಡಿಗೆ ಕೋಣೆಗೆ ಕರೆದುಕೊಂಡು ಹೋದಳು. ಚಾಪೆ ಹಾಸುತ್ತಾ ವಿಷಯ ಹೇಳಿದಳು.

"ಅಕ್ಕ, ಮ್ಯಾನೇಜರ್ ಖಡಾಖಂಡಿತ ಹೇಳಿದ್ದಾರೆ. ಹೆಂಗಸರು ರಾತ್ರಿ ಹೊತ್ತು ಹೀಗೆ ಸಿಕ್ಕಿಹಾಕ್ಕೊಂಡ್ರೆ ಜವಾಬ್ದಾರಿ ನಮ್ಮದು. ಈ ಶನಿವಾರದೊಳಗೆ ಒಂದು ವ್ಯವಸ್ಥೆ ಆಗ್ದಿದ್ರೆ ಸ್ವಂತ ಗಾಡಿ ಇರೋರನ್ನ ತಗೊಳ್ತಾರಂತೆ. ಆ ಕಂಡಕ್ಟರಿಗೆ ಫೋನ್ ಮಾಡಕ್ಕಾಗಲ್ವಾ?"

"ಅವನ ಫೋನು ರಾತ್ರಿ ಎಂಟಕ್ಕೇ ಚಾರ್ಜ್ ಮುಗ್ದು ಸಾಯ್ತದೆ."

"ಹಾಗಾದ್ರೆ ಕಂಪ್ಲೇಂಟ್ ಕೊಡಿ. ಟೈಮಿಗಿಂತ ಮುಂಚೆ ಹೊರಡೋದು ತಪ್ಪಲ್ವಾ?"

"ತಪ್ಪೇ. ಆದ್ರೆ ಕಂಪ್ಲೇಂಟ್ ಕೊಟ್ಟು ಬಸ್ಸೇ ನಿಂತೋದ್ರೆ ಊರೋರು ನನ್ನ ಸುಮ್ನೆ ಬುಟ್ಟಾರಾ?"

ಅದು ಸುಮ್ಮನೆ ಆಡಿದ ಮಾತಲ್ಲ. ದಿನದ ಕೊನೆಯ ಬಸ್ಸು ಮಾದನಕೊಪ್ಪಲಿಗೆ ಬಂದು ರಾತ್ರಿ ಅಲ್ಲೇ ತಂಗಿ, ಬೆಳಗ್ಗೆ ಆರಕ್ಕೆ ಅಲ್ಲಿಂದಲೇ ಹೊರಡುತ್ತದೆ. ಊರಿನವರ ಬಾಯಲ್ಲಿ ಅದು ನೈಟ್ ಹಾಲ್ಟ್. ಅರ್ಜಿ ಹಾಕಿ ಹಾಕಿ ಆರನೆಯ ವರ್ಷಕ್ಕೆ ಸಿಕ್ಕ ಬಸ್ಸು. ಅದನ್ನು ಉಳಿಸಿಕೊಳ್ಳಲು ಊರು ತಾನಾಗಿಯೇ ಒಂದು ಕಟ್ಟಳೆ ಮಾಡಿಕೊಂಡಿತ್ತು. ಬಸ್ಸಿನ ಇಬ್ಬರಿಗೂ ಡೇರಿಯ ಮುಂಭಾಗದ ಕೋಣೆಯಲ್ಲಿ ಮಲಗುವ ಜಾಗ; ರಾತ್ರಿಯೂಟ ಇಪ್ಪತ್ತೆಂಟು ಮನೆಗಳಿಂದ ಸರದಿಯ ಮೇಲೆ. ಸರದಿಯ ಪಟ್ಟಿ ಡೇರಿಯ ಗೋಡೆಯ ಮೇಲೆ, ಸುಣ್ಣದ ಬಳಪದಲ್ಲಿ. ಬರೆಯುವವನು ಎಪ್ಪತ್ತು ದಾಟಿದ ಬೋರಯ್ಯ.

ಬೆಳಗ್ಗೆ ಆರೂ ಮುಕ್ಕಾಲಿಗೆ ಬಸ್ಸು ಊರಿನಿಂದ ನಂಜನಗೂಡಿಗೆ ಬಂದಾಗ ಸಿದ್ದಲಿಂಗಮ್ಮ ಸ್ಟ್ಯಾಂಡಿನಲ್ಲಿ ನಿಂತಿದ್ದಳು. ಕಂಡಕ್ಟರ್ ಶಿವು ಬಾಗಿಲಲ್ಲೇ ಕೂಗಿದ.

"ಅಕ್ಕೋ! ಏನ್ ಒಬ್ಬಟ್ಟು ಅಂತೀನಿ! ನಮ್ ಡ್ರೈವರ್ರು ಎಂಟು ತಿಂದ್ರು ಕಣಕ್ಕ. ಒಂಬತ್ತನೇದು ಕಿತ್ಕೊಂಡೆ."

"ಸುಳ್ಳು ಕಣವ್ವ, ಏಳು," ಎಂದ ಡ್ರೈವರ್ ಚಂದ್ರಶೇಖರ್, ತಲಕಾಡಿನ ಕಡೆಯ ದಪ್ಪ ಮನುಷ್ಯ. "ಆದ್ರೆ ನಿಮ್ ಯಜಮಾನ್ರು ತುಪ್ಪನ ಒಬ್ಬಟ್ಟಿಗೆ ಉಯ್ಯಿ ಅಂದ್ರೆ ಪಲ್ಯಕ್ಕೆ ಉಯ್ದ್ರು. ನೀನ್ಯಾಕೆ ಈಚೆಗೇ ಬರ್ನಿಲ್ಲ? ಒಳಗೆ ಮನ್ಗಿದ್ಯಾ?"

"ನಾನು ಮನೇಲೇ ಇರ್ನಿಲ್ಲ," ಎಂದಳು ಸಿದ್ದಲಿಂಗಮ್ಮ. "ಇಲ್ಲೇ ಇದ್ದೆ. ಈ ಬೆಂಚಿನ ಮ್ಯಾಲೆ. ನೀವು ಬುಟ್ಟೋದ ಅದಿಮೂರು ನಿಮಿಷಕ್ಕೆ ಬಂದೆ."

ಶಿವು ಬಾಗಿಲಿನಿಂದ ಕೆಳಗಿಳಿದ. ಚಂದ್ರಶೇಖರ್ ಸ್ಟಿಯರಿಂಗಿನ ಮೇಲೆ ಎರಡೂ ಕೈ ಇಟ್ಟು ತಲೆ ತಗ್ಗಿಸಿದ.

"ಅಯ್ಯಯ್ಯೋ! ಒಬ್ಬಟ್ಟು ಮಾಡೋಳು ರಜ ಆಕ್ಕೊಂಡು ಮನೇಲಿರ್ತಾಳೆ ಅಂದ್ಕೊಂಡೊ ಕಣವ್ವ. ಬಿಸೀದ್ ಉಂಡ್ಬುಡನ ಅಂತ ಬ್ಯಾಗ ಎತ್ತಿದ್ದು ಬಸ್ಸ. ನಿನ್ ಒಬ್ಬಟ್ಟು ತಿನ್ನಕ್ಕೆ ನಿನ್ನೇ ಬುಟ್ಬುಟ್ವಲ್ಲಾ!"

"ಅದೂ ಎಂಟು," ಎಂದ ಶಿವು.

ಸಿದ್ದಲಿಂಗಮ್ಮನಿಗೆ ಸಿಟ್ಟು ಬರಬೇಕಿತ್ತು. ಬದಲಿಗೆ ನಗು ಬಂತು. ಮೂವರೂ ನಗುತ್ತಿದ್ದಂತೆ ಅವಳ ತಲೆಯಲ್ಲಿ ಇನ್ನೊಂದು ವಿಷಯ ಓಡುತ್ತಿತ್ತು. ಏಳೂ ಹತ್ತಕ್ಕೆ ಅದೇ ಬಸ್ಸು ಊರಿನ ಕಡೆಗೆ ಹೊರಟಾಗ ಹೆಂಗಸರಿಗೆ ಪುಕ್ಕಟೆ ಕೊಡುವ ಸೊನ್ನೆ ಟಿಕೆಟ್ ಇಸಿದುಕೊಂಡು ಕಿಟಕಿಯ ಪಕ್ಕ ಕುಳಿತು, ಪುಸ್ತಕ ತೆರೆದಳು. ಹತ್ತೊಂಬತ್ತು ರಾತ್ರಿ ಬಸ್ಸು ಹೊರಟ ಹೊತ್ತು ಸಾಲಾಗಿ ಬರೆದಿತ್ತು. ಹದಿನಾರು ದಿನ ಒಂಬತ್ತೂ ಐವತ್ತೈದರಿಂದ ಹತ್ತೂ ನಾಲ್ಕರ ನಡುವೆ. ಮೂರು ದಿನ ಮಾತ್ರ ಬೇಗ: ನಲವತ್ತೈದು, ನಲವತ್ಮೂರು, ನಲವತ್ತೊಂದು. ಡೇರಿಯಲ್ಲಿದ್ದಾಗ ಬಿಸಿ ಎಷ್ಟೆಂದು ಬರೆಯದ ರೀಡಿಂಗನ್ನು ಅವಳು ರೀಡಿಂಗ್ ಎಂದೇ ಒಪ್ಪುತ್ತಿರಲಿಲ್ಲ. ಇಲ್ಲಿ ಮೂರು ವಾರದಿಂದ ಹೊತ್ತು ಮಾತ್ರ ಬರೆದಿದ್ದಾಳೆ. ಪಕ್ಕದ ಕಲಂ ಖಾಲಿ.

ಆ ಖಾಲಿ ಕಲಮ್ಮಿನಲ್ಲಿ ಪ್ರತಿದಿನದ ಸರದಿಯ ಮನೆಯ ಹೆಸರು ತುಂಬಿದಳು. ಬಸ್ಸು ಹದಿನಾರು ಊರನ್ನು ತಲುಪುವ ಮೊದಲೇ ಎಲ್ಲವೂ ತಿಳಿದುಹೋಯಿತು. ಮೂರನೆಯ ದಿನ ಮಲ್ಲಿಕಾರ್ಜುನನ ಮನೆ, ಆವತ್ತು ಅವನ ಮಗುವಿಗೆ ನಾಮಕರಣ, ಪಾಯಸ. ಹನ್ನೊಂದನೆಯ ದಿನ ಮುದ್ದಮ್ಮನ ಮನೆ: ಮುದ್ದೆ, ಉಪ್ಸಾರು, ಬೆಳ್ಳುಳ್ಳಿ ಖಾರ. ನಿನ್ನೆ ಅವಳದೇ ಒಬ್ಬಟ್ಟು. ಹತ್ತೂ ನಾಲ್ಕಕ್ಕೆ ಹೊರಟಿದ್ದು ದೊಡ್ಡಸಿದ್ದಯ್ಯನ ಸರದಿಯ ದಿನ. ದೊಡ್ಡಸಿದ್ದಯ್ಯನ ಮನೆಯ ಸಾರಿನಲ್ಲಿ ಬೇಳೆ ಹುಡುಕಲು ಟಾರ್ಚ್ ಬೇಕೆಂದು ಊರಿಗೇ ಗೊತ್ತಿತ್ತು. ಊಟ ಒಳ್ಳೆಯದಾದಷ್ಟೂ ಬಸ್ಸು ಬೇಗ. ಬಸ್ಸು ತನಗಾಗಿ ನಿಲ್ಲಲೆಂದು ಅವಳು ಇಡೀ ಪಟ್ಟಿಯಲ್ಲೇ ಅತಿ ಒಳ್ಳೆಯ ಊಟ ಮಾಡಿ, ಅತಿ ಬೇಗ ಕಳಿಸಿಬಿಟ್ಟಿದ್ದಳು.

ಊರಿನಲ್ಲಿ ಇಳಿಯುವಾಗ ಚಂದ್ರಶೇಖರ್, "ಇನ್ಮ್ಯಾಲೆ ನಿಂತ್ಕೊಂಡೇ ಇರ್ತೀವಿ ಕಣವ್ವ, ಆಣೆ," ಎಂದ. ಆಣೆ ನಿಜವೇ ಇರಬಹುದು. ಆದರೆ ಮುದ್ದಮ್ಮನ ಉಪ್ಸಾರಿನ ಮುಂದೆ ಅದು ಎಷ್ಟು ನಿಮಿಷ ತಡೆದೀತು ಎಂಬುದನ್ನು ಸಿದ್ದಲಿಂಗಮ್ಮ ಅಳೆದಿರಲಿಲ್ಲ.

ಮನೆಯ ಹೊರಗೆ ಗಂಡ ಬೆಟ್ಟಸ್ವಾಮಿ ಹಸುವಿಗೆ ಹುಲ್ಲು ಹಾಕುತ್ತಿದ್ದ. ಹಗಲು ಹೊತ್ತಿನಲ್ಲಿ ಅವನ ಕಣ್ಣು ಹದ್ದಿನಷ್ಟು ಚುರುಕು.

"ಬುಟ್ಬುಡು ಸಿದ್ದಿ ಆ ಕೆಲ್ಸವ," ಎಂದ. "ರಾತ್ರಿಯೆಲ್ಲಾ ನಿದ್ದೆ ಇಲ್ಲ ನಂಗೆ. ಇರೋ ಅಸ ನೋಡ್ಕೊಂಡಿರಾನ."

"ತುಪ್ಪ ಪಲ್ಯಕ್ಕೆ ಉಯ್ದ್ಯಂತೆ?"

"ಕತ್ಲೇಲಿ ಎರ್ಡೂ ಒಂದೇ ಕಂಡ್ವು."

"ಶನಿವಾರದವರ್ಗೂ ನೋಡ್ತೀನಿ," ಎಂದಳು. "ಆಗ್ನಿಲ್ಲ ಅಂದ್ರೆ ಬುಡ್ತೀನಿ."

ಹೇಳಿದ ಮೇಲೆ ಹಿಟ್ಟಿನ ತೇವಾಂಶ ಅಳೆಯುವ ಆ ಬಿಳಿ ಕೋಣೆ, ಅವಳ ಹೆಸರು ಬರೆದ ರಿಜಿಸ್ಟರು, "ಅಕ್ಕನ ರೀಡಿಂಗ್ ಆದ್ರೆ ಎರಡನೇ ಸಲ ನೋಡೋದು ಬೇಡ" ಎಂದು ಲಿಖಿತಾ ಹೇಳಿದ್ದು, ಎಲ್ಲ ನೆನಪಾಯಿತು. ಆರು ತಿಂಗಳು ಸುಮ್ಮನೆ ಕುಳಿತಿದ್ದಾಗ ಅವಳು ಅಕ್ಕಿಯ ಕಾಳು ಎಣಿಸುವ ಮಟ್ಟಕ್ಕೆ ಬಂದಿದ್ದಳು. ಮತ್ತೆ ಅಲ್ಲಿಗೆ ಹೋಗಲು ಮನಸ್ಸಿರಲಿಲ್ಲ.

ಚೀಲದಲ್ಲಿ ಬಾಚಣಿಗೆ ಹುಡುಕುವಾಗ ಕೈಗೆ ಒಂದು ಕೀಲಿ ಸಿಕ್ಕಿತು. ಡೇರಿಯ ಹಿಂದಿನ ಕ್ಯಾನ್ ಕೋಣೆಯದು. ಕೆಲಸ ಬಿಟ್ಟಾಗ ವಾಪಸ್ಸು ಕೊಡಲು ಮರೆತದ್ದು, ಯಾರೂ ಕೇಳಿರಲಿಲ್ಲ. ಮೆಷಿನ್ ಬಂದ ಮೇಲೆ ಆ ಕೋಣೆ ಖಾಲಿ ಬಿದ್ದಿತ್ತು. ಅವಳು ಕೀಲಿಯನ್ನು ಎರಡು ಸಲ ತಿರುಗಿಸಿ ನೋಡಿ, ಬಾಚಣಿಗೆಯನ್ನು ಮರೆತು, ಬೋರಯ್ಯನನ್ನು ಹುಡುಕಿಕೊಂಡು ಹೊರಟಳು.

ಬೋರಯ್ಯ ಡೇರಿಯ ಜಗುಲಿಯ ಮೇಲಿದ್ದ. ಹಾಲು ಹಾಕಿ ಬಂದ ಮುದ್ದಮ್ಮ ಪಕ್ಕದಲ್ಲಿ ಕುಳಿತು ಎಲೆಯಡಿಕೆ ಮಡಿಸುತ್ತಿದ್ದಳು. ಸಿದ್ದಲಿಂಗಮ್ಮ ನಡೆದದ್ದನ್ನು ಹೇಳಿ, ತನ್ನ ಯೋಚನೆಯನ್ನು ಮುಂದಿಟ್ಟಳು. ಸರದಿಯ ಮನೆಯವರು ರಾತ್ರಿ ಎಂಟಕ್ಕೆ ಊಟವನ್ನು ಕ್ಯಾನ್ ಕೋಣೆಯಲ್ಲಿಟ್ಟು, ಬೀಗ ಒತ್ತಿ ಹೋಗಿ ಮಲಗುವುದು. ಕೀಲಿ ತನ್ನ ಹತ್ತಿರ. ಹೇಗೂ ತಾನು ಬರುವುದು ಅದೇ ಬಸ್ಸಿನಲ್ಲಿ. ಬಂದು ಬಾಗಿಲು ತೆಗೆದು ಬಡಿಸುವುದು. ತನ್ನ ರಜೆಯ ಭಾನುವಾರವೂ ತಾನೇ.

"ಅಲ್ಲವ್ವ," ಎಂದ ಬೋರಯ್ಯ, "ಮನೆಗೆ ಕರ್ದು ಎಲೆ ಆಕಿ ಉಣ್ಣಕ್ಕಿಡೋದು ಮರ್ಯಾದೆ. ಬೀಗ ಆಕಿಟ್ಟು ಉಣ್ಣಿಸೋದು ಎಲ್ಲಾರ ಉಂಟಾ?"

"ಮರ್ಯಾದೆಯಂತೆ ಮರ್ಯಾದೆ!" ಎಂದಳು ಮುದ್ದಮ್ಮ. "ನಿನ್ ಸರದಿ ದಿನ ಎದ್ದಿರೋನು ನೀನಾ? ನೀನು ಎಂಟೂವರೆಗೇ ಗೊರ್ಕೆ ಒಡೀತಿರ್ತೀಯ. ಅತ್ತೂ ಮುಕ್ಕಾಲ್ಗಂಟ ತೂಕಡಿಸ್ಕೊಂಡು ಕೂತಿರೋಳು ನಿನ್ ಸೊಸೆ. ಅವಳ್ನ ಕೇಳು ಮರ್ಯಾದೆ ಎಂಗದೆ ಅಂತ."

ಬೋರಯ್ಯ ಗೋಡೆಯ ಕಡೆ ತಿರುಗಿ ಪಟ್ಟಿಯನ್ನು ವಿನಾಕಾರಣ ಒರೆಸತೊಡಗಿದ. ಒಪ್ಪಿದ ಎಂದು ಅರ್ಥ.

"ಆದ್ರೆ ನಂದೊಂದು ಮಾತು," ಎಂದಳು ಮುದ್ದಮ್ಮ. "ಎಂಟು ಗಂಟೇಲಿ ಕಟ್ಟಿದ ಮುದ್ದೆ ಅತ್ತೂ ನಲವತ್ತಕ್ಕೆ ಕಲ್ಲಾಗಿರ್ತದೆ. ಕಲ್ಲುಮುದ್ದೆ ಇಕ್ಕುದ್ಲು ಮುದ್ದಮ್ಮ ಅನ್ನಿಸ್ಕೊಳ್ಳಕ್ಕೆ ನಾನ್ ತಯಾರಿಲ್ಲ."

ಇದನ್ನು ಅಳೆಯಬಹುದಿತ್ತು. ಬುಧವಾರ ಬೆಳಗ್ಗೆ ಎಂಟೂ ಹತ್ತಕ್ಕೆ ಮುದ್ದಮ್ಮ ಎರಡು ಮುದ್ದೆ ಕಟ್ಟಿದಳು. ಸಿದ್ದಲಿಂಗಮ್ಮ ಅವನ್ನು ಹಾಟ್‌ಬಾಕ್ಸಿನಲ್ಲಿಟ್ಟು, ಹಳೆಯ ಕಂಬಳಿ ಸುತ್ತಿ, ಹತ್ತೂ ಐವತ್ತಕ್ಕೆ ತೆರೆದಳು. ರಾತ್ರಿ ಎಂಟರಿಂದ ಹತ್ತೂ ನಲವತ್ತಕ್ಕೂ ಅಷ್ಟೇ ಅಂತರ. ಡೇರಿಯ ಥರ್ಮಾಮೀಟರನ್ನು ಮುದ್ದೆಗೆ ಚುಚ್ಚಿದಳು.

"ಐವತ್ತೆರಡು ಡಿಗ್ರಿ."

"ಡಿಗ್ರಿ ನಿಂಗಿರ್ಲಿ. ಇಂಗೆ ಕೊಡು." ಮುದ್ದಮ್ಮ ಒಂದು ತುತ್ತು ಮುರಿದು, ಸಾರಿನಲ್ಲಿ ಅದ್ದಿ ನುಂಗಿದಳು. ಇನ್ನೊಂದು ತುತ್ತು ಮುರಿದು ನೋಡಿದಳು. "ಆರ್ನಿಲ್ಲ. ಆದ್ರೆ ಮ್ಯಾಲೆ ಬೆವ್ತದೆ."

ಮುಚ್ಚಳದಲ್ಲಿ ಆವಿ ಕಟ್ಟಿ ಮುದ್ದೆಯ ಮೇಲೆ ತೊಟ್ಟಿಕ್ಕಿತ್ತು. ಮುಚ್ಚಳದ ಕೆಳಗೆ ಒಂದು ಬಿಳಿ ಬಟ್ಟೆ ಕಟ್ಟಿ, ಗುರುವಾರ ಬೆಳಗ್ಗೆ ಮತ್ತೆ ನೋಡಿದರು. ಬೆವರಲಿಲ್ಲ. "ಉಣ್ಬೋದು ಬುಡು," ಎಂದಳು ಮುದ್ದಮ್ಮ. ಅವಳ ಬಾಯಲ್ಲಿ ಅದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಇಲ್ಲ.

ಗುರುವಾರ ರಾತ್ರಿಯಿಂದಲೇ ಕೀಲಿಯ ಪದ್ಧತಿ ಶುರುವಾಯಿತು. ಅದನ್ನು ಕೇಳಿ ಚಂದ್ರಶೇಖರ್ ಗಾಬರಿಯಿಂದ, "ಅಂದ್ರೆ ನಮ್ ಊಟ ನಿನ್ ಚೀಲದಲ್ಲದಾ?" ಎಂದ. ಬಸ್ಸು ಗುರುವಾರ ಐವತ್ತಾರಕ್ಕೆ, ಶುಕ್ರವಾರ ಐವತ್ತೈದಕ್ಕೆ ಹೊರಟಿತು. ಆದರೆ ಎರಡೂ ದಿನ ಸಾಧಾರಣ ಊಟದ ಮನೆಗಳು. ಅವು ಯಾವತ್ತೂ ತೊಂದರೆ ಕೊಟ್ಟಿರಲಿಲ್ಲ. ಅಷ್ಟಕ್ಕೇ ಸಮಾಧಾನಪಟ್ಟುಕೊಳ್ಳುವುದು ಸಿದ್ದಲಿಂಗಮ್ಮನಿಗೆ ಬಾರದು. ಬೋರಯ್ಯನನ್ನು ಒಪ್ಪಿಸಿ ಶನಿವಾರದ ಸರದಿಯನ್ನು ಮುದ್ದಮ್ಮನ ಮನೆಗೆ ಬದಲಾಯಿಸಿದಳು. ಅದಲ್ಲದೆ ಮಧ್ಯಾಹ್ನ ಸ್ಟ್ಯಾಂಡಿನಲ್ಲಿ ಶಿವುಗೆ ತಾನೇ ಹೇಳಿದಳು: ಇವತ್ತು ಉಪ್ಸಾರು, ಬೆಳ್ಳುಳ್ಳಿ ಖಾರ.

"ಅಯ್ಯೋ ಶಿವನೇ," ಎಂದು ಶಿವು ಹೊಟ್ಟೆ ಸವರಿಕೊಂಡ.

ಶನಿವಾರ ರಾತ್ರಿ ಒಂಬತ್ತೂ ಮೂವತ್ತೆರಡಕ್ಕೆ ಕಾರ್ಖಾನೆಯ ಗೇಟಿನಲ್ಲಿ ಬೆರಳು ಒತ್ತುವ ಮೆಷಿನ್ ಕೆಟ್ಟು ನಿಂತಿತು. ಸೆಕ್ಯುರಿಟಿಯವನು ಒಬ್ಬೊಬ್ಬರ ಹೆಸರನ್ನೂ ಕೈಯಲ್ಲಿ ಬರೆದುಕೊಳ್ಳುತ್ತಾ ಹೋದ. ಸಿದ್ದಲಿಂಗಮ್ಮ ಹೊರಗೆ ಬಂದಾಗ ಒಂಬತ್ತೂ ನಲವತ್ತೊಂದು. ನಡೆದರೆ ಐವತ್ತೊಂಬತ್ತಾಗುತ್ತದೆ. ಸೀರೆಯ ನೆರಿಗೆ ಎತ್ತಿ ಹಿಡಿದು, ಚಪ್ಪಲಿಯನ್ನು ಕೈಗೆ ತೆಗೆದುಕೊಂಡು ಓಡಿದಳು. ಆರುನೂರರವರೆಗೆ ಲೆಕ್ಕವಿತ್ತು. ಆಮೇಲೆ ಎಣಿಕೆ ತಪ್ಪಿತು. ಅವಳು ಅದನ್ನು ಹಿಡಿಯಲು ಹೋಗಲಿಲ್ಲ.

ಸ್ಟ್ಯಾಂಡಿನ ತಿರುವಿನಲ್ಲಿ ಮೊದಲು ಕಂಡಿದ್ದು ಶಿವು. ಫುಟ್‌ಬೋರ್ಡಿನಿಂದ ಅರ್ಧ ಮೈ ಹೊರಗೆ ಚಾಚಿ, ಕಣ್ಣಿಗೆ ಕೈ ಅಡ್ಡ ಹಿಡಿದು ರಸ್ತೆ ನೋಡುತ್ತಿದ್ದ. ಅವನ ಹಿಂದೆ ಬಸ್ಸು, ಎಂಜಿನ್ ಗುರುಗುಟ್ಟುತ್ತಾ, ಇದ್ದಲ್ಲೇ ಇತ್ತು.

"ಬಂದ್ಲು ಬಂದ್ಲು!" ಎಂದು ಸೀಟಿ ಊದಿದ.

ಚಂದ್ರಶೇಖರ್ ಕಿಟಕಿಯಿಂದ ತಲೆ ಹಾಕಿ, "ಕೀಲಿ ತಂದ್ಯಾ?" ಎಂದ. ಯಾಕೆ ತಡ ಎಂದು ಕೇಳಲಿಲ್ಲ.

ಅವಳು ಕೀಲಿಯನ್ನು ಎತ್ತಿ ತೋರಿಸಿದಳು. ಒಳಗಿದ್ದ ಏಳು ಜನ ಪ್ರಯಾಣಿಕರಲ್ಲಿ ಯಾರೋ ಚಪ್ಪಾಳೆ ತಟ್ಟಿದರು. ಗಡಿಯಾರ ಐವತ್ತೈದು ತೋರಿಸುತ್ತಿತ್ತು. ಮುದ್ದಮ್ಮನ ಉಪ್ಸಾರಿನ ದಿನ, ಬಸ್ಸು ತನ್ನ ಹೊತ್ತಿಗೆ ಸರಿಯಾಗಿ ಹೊರಟಿತು.

ಹತ್ತೂ ನಲವತ್ತಕ್ಕೆ ಊರು ಸೇರಿದಾಗ ಡೇರಿಯ ಮುಂದೆ ಮುದ್ದಮ್ಮ ನಿಂತಿದ್ದಳು.

"ಮನ್ಗನಿಲ್ವಾ ಮುದ್ದಮ್ಮತ್ತೆ?" ಎಂದಳು ಸಿದ್ದಲಿಂಗಮ್ಮ.

"ಮನ್ಗಿದ್ದೆ. ಮುದ್ದೆ ಬೆವ್ತದಾ ಅಂತ ನೋಡಕ್ಕೆ ಎದ್ದುಬಂದೆ."

ಬೀಗ ತೆಗೆದರು. ಬೆವೆತಿರಲಿಲ್ಲ. ಅಲ್ಲಿಗೆ ಬೆಟ್ಟಸ್ವಾಮಿಯೂ ಗೋಡೆ ಹಿಡಿದುಕೊಂಡು ಬಂದ; ಹೆಂಡತಿಯ ಬಳೆಯ ಸದ್ದು ಕೇಳಿದ ಮೇಲೆ ಗೋಡೆ ಬಿಟ್ಟು ಅವಳ ತೋಳು ಹಿಡಿದುಕೊಂಡ. ಕೆಲಸ ಬಿಡುವ ಮಾತನ್ನು ಮತ್ತೆ ಎತ್ತಲಿಲ್ಲ. "ತುಪ್ಪ ನಾನು ಬಡಿಸ್ಲಾ?" ಎಂದ. ನಾಲ್ವರೂ ಒಟ್ಟಿಗೇ ಬೇಡವೆಂದರು.

ಸೋಮವಾರ ಲಿಖಿತಾಗೆ ಅವಳು ಪುಸ್ತಕ ತೋರಿಸಿದಳು. ಲಿಖಿತಾ ಎರಡೂ ಕಲಂಗಳನ್ನು ಓದಿ, ಒಬ್ಬಟ್ಟಿನ ಸಾಲಿಗೆ ಬಂದಾಗ ಮೇಜಿನ ಮೇಲೆ ತಲೆಯಿಟ್ಟು ನಕ್ಕು, ಹಾಗೇ ಅದನ್ನು ಮ್ಯಾನೇಜರಿನ ಕೋಣೆಗೆ ಒಯ್ದಳು. ಮ್ಯಾನೇಜರ್ ಆಚೆ ಬಂದು ಹೇಳಿದ್ದು ಒಂದೇ ಮಾತು: "ಕೀಲಿ ಕಳ್ಕೋಬೇಡಿ."

ಮೂರು ತಿಂಗಳು ತುಂಬುವವರೆಗೆ ಬಸ್ಸು ಒಮ್ಮೆಯೂ ಬೇಗ ಹೊರಡಲಿಲ್ಲ. ಕೆಲಸ ಕಾಯಂ ಆದ ದಿನ ಲಿಖಿತಾ ಹಳೆಯ ಅರ್ಜಿಯನ್ನು ಹೊರತೆಗೆದು ಮೇಜಿನ ಮೇಲೆ ಹರಡಿದಳು. 'ಸ್ವಂತ ವಾಹನ' ಎಂಬಲ್ಲಿ 'ಇಲ್ಲ' ಎಂದು ಬರೆದಿತ್ತು. ಅದರ ಪಕ್ಕದ ಮೂಲೆಯಲ್ಲಿ ಸಂದರ್ಶನದ ದಿನ ತಾನು ಪೆನ್ಸಿಲಿನಲ್ಲಿ ಬರೆದುಕೊಂಡದ್ದು ಇನ್ನೂ ಮಾಸಿರಲಿಲ್ಲ. ಸಿದ್ದಲಿಂಗಮ್ಮನ ಕಡೆ ಒಮ್ಮೆ ನೋಡಿ, ಅದರ ಮೇಲೆಯೇ ನಿಧಾನವಾಗಿ ಪೆನ್ನು ಆಡಿಸಿ ಶಾಯಿಯಲ್ಲಿ ತಿದ್ದಿದಳು: ಉಳಿಯುವುದು, ಒಂದು ನಿಮಿಷ.